ಹೋಗು ಅಂದರೆ ಎದ್ದು ಹೋಗಬೇಕಾದ ಶಾಂತಿದೂತರು: ಇಸ್ರೇಲ್–ಪ್ಯಾಲೆಸ್ತೀನ್ ನಡುವೆ ಹೊರಗಿನವರಿಂದ ಆಗುವುದೇನು?

ಹಳೇಪೇಟೆ

2018ರಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ವಾರ ಟೆಲ್ ಅವೀವ್‌ನಲ್ಲಿದ್ದೆ. ಅಲ್ಲಿ ಭಾನುವಾರವೇ ಕೆಲಸ ಶುರು, ಶುಕ್ರವಾರ ಶನಿವಾರ ರಜೆ. ಒಂದು ಶುಕ್ರವಾರ, ಇಸ್ರೇಲ್ ಹಿಡಿತದಲ್ಲಿರುವ ಪ್ಯಾಲೆಸ್ತೀನಿ ಪ್ರದೇಶವಾದ ವೆಸ್ಟ್ ಬ್ಯಾಂಕಿನ ಹೆಬ್ರಾನ್‌ಗೆ ಹೋಗಿಬಂದೆ. ಹಳೆಯ ಪೇಟೆಬೀದಿಯ ಮೇಲೆ ಉದ್ದಕ್ಕೂ ತಂತಿಬಲೆ ಹೊದಿಸಿದ್ದಾರೆ. ಮೇಲಿನ ಮಹಡಿಗಳಲ್ಲಿರುವ ಇಸ್ರೇಲಿ ವಸಾಹತುದಾರರು ಎಸೆಯುವ ಕಸ, ಬಾಟಲಿ ಕೆಳಗಿನ ಅಂಗಡಿಯವರ ತಲೆಮೇಲೆ ಬೀಳದಿರಲಿ ಅಂತ. ನಾನು ಹೋದಾಗ ಬಲೆಯಲ್ಲಿ ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿಯೂ ಸಿಕ್ಕಿಕೊಂಡಿತ್ತು.

ಅದರ ಕೆಳಗೆ ಇಬ್ಬರು ವಿದೇಶಿಯರು ನಿಂತಿದ್ದರು. ಜಾಕೆಟ್ ಮೇಲೆ ಟಿಐಪಿಎಚ್ ಅಂತ ಬರೆದಿತ್ತು. ಕೈಯಲ್ಲಿ ಕ್ಯಾಮೆರಾ, ನೋಟ್‌ಬುಕ್. ಬಂದೂಕು ಇಲ್ಲ. ಏನು ಬರೆದುಕೊಳ್ಳುತ್ತಿದ್ದೀರಿ ಅಂತ ಕೇಳಿದೆ. ನೋಡಿದ್ದನ್ನು ಅಂದರು. ಬರೆದದ್ದನ್ನು ಯಾರು ಓದುತ್ತಾರೆ ಅಂತ ಕೇಳಿದ್ದಕ್ಕೆ ಒಬ್ಬಾತ ನಕ್ಕು ಸುಮ್ಮನಾದ.

ಅವರು ಯಾರು ಅಂತ ಆಮೇಲೆ ಓದಿ ತಿಳಿದುಕೊಂಡೆ. 1994ರ ಫೆಬ್ರವರಿ 25ರಂದು ಬರೂಖ್ ಗೋಲ್ಡ್‌ಸ್ಟೈನ್ ಅನ್ನುವ ವಸಾಹತುದಾರ ಹೆಬ್ರಾನ್‌ನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಇಸ್ರೇಲ್ ಮತ್ತು ಪ್ಯಾಲೆಸ್ತೀನಿ ನಾಯಕರ ನಡುವಿನ ಓಸ್ಲೋ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಆಗಿನ್ನೂ ಆರು ತಿಂಗಳೂ ಆಗಿರಲಿಲ್ಲ. ಎರಡೂ ಕಡೆಯವರು ಒಪ್ಪಿ ಹೊರಗಿನ ವೀಕ್ಷಕರನ್ನು ಕರೆಸಿದರು. 1997ರಿಂದ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಇಟಲಿ, ಸ್ವಿಟ್ಜರ್ಲೆಂಡ್, ಟರ್ಕಿ, ಹೀಗೆ ಆರು ದೇಶದವರು. ಟಿಐಪಿಎಚ್ ಅಂದರೆ 'ಹೆಬ್ರಾನ್‌ನಲ್ಲಿ ತಾತ್ಕಾಲಿಕ ಅಂತರರಾಷ್ಟ್ರೀಯ ಉಪಸ್ಥಿತಿ', ಹೆಸರಲ್ಲೇ 'ತಾತ್ಕಾಲಿಕ' ಅಂತ ಇತ್ತು. ಇದ್ದದ್ದು ಇಪ್ಪತ್ತು ವರ್ಷದ ಮೇಲೆ. 2002ರಲ್ಲಿ ಅವರಲ್ಲಿಬ್ಬರು ಗುಂಡಿಗೆ ಬಲಿಯಾದರು. 40 ಸಾವಿರಕ್ಕೂ ಹೆಚ್ಚು ಘಟನೆಗಳ ವರದಿ ಬರೆದರು. ಒಂದೂ ಬಹಿರಂಗವಾಗಿ ಪ್ರಕಟವಾಗುವಂತಿರಲಿಲ್ಲ, ಅದೇ ಷರತ್ತು. ಆರಾರು ತಿಂಗಳಿಗೊಮ್ಮೆ ಅವಧಿ ನವೀಕರಣ ಆಗಬೇಕಿತ್ತು. 2019ರ ಜನವರಿಯಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ನವೀಕರಿಸುವುದಿಲ್ಲ ಅಂದರು. ಅಷ್ಟೇ. ಗಂಟುಮೂಟೆ ಕಟ್ಟಿದರು.

ಈಗ ಗಾಜಾಕ್ಕೆ ಅಂತರರಾಷ್ಟ್ರೀಯ ಪಡೆ ಅಂತ ಭದ್ರತಾ ಮಂಡಳಿ ನಿರ್ಣಯ ಮಾಡಿದೆ (2803, 2025ರ ನವೆಂಬರ್ 17, ರಷ್ಯಾ, ಚೀನಾ ತಟಸ್ಥ). ಬ್ರಿಟನ್, ಫ್ರಾನ್ಸ್, ಕೆನಡಾ ಎಲ್ಲ ಸೆಪ್ಟೆಂಬರ್‌ನಲ್ಲೇ ಪ್ಯಾಲೆಸ್ತೀನ್‌ಗೆ ಮಾನ್ಯತೆ ಕೊಟ್ಟವು. ಟಿವಿಯಲ್ಲಿ ಇದನ್ನೆಲ್ಲ ನೋಡುವಾಗ ನನಗೆ ಆ ನಗುವೇ ನೆನಪಾಗುತ್ತದೆ. ಹೊರಗಿನವರ ಬೆಂಬಲ ಅನ್ನುವುದು ಯಾವಾಗ ಕೆಲಸ ಮಾಡಿದೆ, ಯಾವಾಗ ಬರೀ ನೋಟ್‌ಬುಕ್ ಆಗಿದೆ? ತಿಳಿದವರು ಹೇಳಿ. ಯಾರು ಸರಿ ಯಾರು ತಪ್ಪು ಅನ್ನುವ ಜಗಳಕ್ಕೆ ಬೇರೆ ಸಾವಿರ ಜಾಗ ಇವೆ, ಇಲ್ಲಿ ಬೇಡ.

ಬೆಳಗಾವ್ಯಾಂವ

ಹಳೇಪೇಟೆ ಸರ, ನೀವು ಹೇಳಿದ್ದು ಓದಿ ನಮ್ಮ ಅಪ್ಪಾರ ನೆನಪಾತು. ಮಿಲಿಟರ್ಯಾಗ ಇದ್ರು. 1965ರಾಗ ವಿಶ್ವಸಂಸ್ಥೆ ಪಡೆ ಜೋಡಿ ಗಾಜಾಕ್ಕ ಹೋಗಿ ಒಂದ್ ವರ್ಷ ಇದ್ದು ಬಂದ್ರು. ಸುಯೆಜ್ ಯುದ್ಧ ಆದ ಮ್ಯಾಲೆ, 1956ರಾಗ ಹುಟ್ಟಿದ ಪಡೆ ಅದು. ಜಗತ್ತಿನಾಗ ವಿಶ್ವಸಂಸ್ಥೆ ಕಳಿಸಿದ ಮೊದಲನೇ ಶಾಂತಿಪಾಲನಾ ಪಡೆ. ಕಡೀಕ ಅದರ ಕಮಾಂಡರ್ ಇದ್ದವರೂ ನಮ್ಮವರ, ಮೇಜರ್ ಜನರಲ್ ಇಂದರ್‌ಜಿತ್ ರಿಖಿ.

ಅಪ್ಪಾರ ಹೇಳತಿದ್ರು: ಹಗಲಿ ಗಡಿಗುಂಟ ಚೌಕಿ ಮ್ಯಾಲೆ ನಿಂದರೋದು, ರಾತ್ರಿ ಗಸ್ತು ತಿರಗೋದು. ಒಂದ್ ಕಡೆ ಉಸುಕು, ಒಂದ್ ಕಡೆ ಕಿತ್ತಳೆ ತೋಟ. ಗಾಜಾದ ಹುಡುಗ್ರು ಹಿಂದಿ ಸಿನಿಮಾ ಹಾಡು ಕೇಳಾಕ ಬರ್ತಿದ್ರಂತ. ಹತ್ತು ವರ್ಷ ಆ ಗಡಿ ಬಹಳಷ್ಟು ಶಾಂತ ಇತ್ತು. ಇದು ಅಪ್ಪಾರ ಮಾತಲ್ಲ, ಇತಿಹಾಸದಾಗ ಐತಿ.

ಆದ್ರ ಒಂದ್ ಕೊರತಿ ಇತ್ತು. ಪಡೆ ನಿಂತಿದ್ದು ಈಜಿಪ್ಟ್ ಹಿಡಿತದಾಗಿನ ಕಡೆ ಅಷ್ಟ. ನಮ್ಮ ನೆಲದಾಗ ಬ್ಯಾಡ ಅಂತ ಇಸ್ರೇಲ್ ಮೊದಲ ಹೇಳಿತ್ತು. 1967ರ ಮೇ ತಿಂಗಳಾಗ ಈಜಿಪ್ಟಿನ ಅಧ್ಯಕ್ಷ ನಾಸರ್ 'ಹೊಂಡ್ರಿ' ಅಂದ್ರು, ವಿಶ್ವಸಂಸ್ಥೆ ಮುಖ್ಯಸ್ಥ ಊ ಥಾಂಟ್ 'ಹೂಂ' ಅಂದ್ರು. ಜೂನ್ 5ಕ್ಕ ಯುದ್ಧ. ಊರಿಗೆ ಹಡಗ ಹತ್ತಾಕ ಕಾಯ್ಕೋತ ಕುಂತಿದ್ದ ಭಾರತದ ಸೈನಿಕರೂ ಆ ಯುದ್ಧದಾಗ ಸತ್ರು. ಅಪ್ಪಾರು ಅಷ್ಟೊತ್ತಿಗೆ ವಾಪಸ್ ಬಂದಿದ್ರು, ಅದಕ್ಕ ನಾನು ಇದನ್ನ ಬರಿಲಿಕ್ಕತ್ತೇನಿ.

ಅವರ ಮೆಡಲ್ ಇನ್ನೂ ಟ್ರಂಕಿನಾಗ ಐತಿ. ಉಸುಕಿನ ಬಣ್ಣದ ರಿಬ್ಬನ್. ಮುಂದ 'ಯುಎನ್' ಅಂತ ಇಲ್ಲ, 'ಯುಎನ್‌ಇಎಫ್' ಅಂತ, ಆ ಪಡೆ ಹೆಸರ ಐತಿ. ಹಿಂದ 'ಶಾಂತಿಯ ಸೇವೆಯಲ್ಲಿ' ಅಂತ ಇಂಗ್ಲಿಷಿನಾಗ ಕೊರದಾರ.

ಒಗ್ಗರಣೆ

ಎರಡೂ ಕಥೆ ಒಂದೇ ಆಯ್ತಲ್ಲ ಗುರು. ಮನೆ ಯಜಮಾನ 'ನೆಂಟ್ರೇ, ಬಸ್ಸಿಗೆ ಲೇಟಾಗುತ್ತೆ' ಅಂದ ತಕ್ಷಣ ಚೀಲ ಎತ್ಕೊಂಡು ಹೊರಟ್ರು.

ಲೆಕ್ಕಿಗ

ನೆಂಟರು ಎದ್ದು ಹೋಗದ ಉದಾಹರಣೆಯೂ ಇದೆ ಸ್ವಾಮಿ. ಈಜಿಪ್ಟಿನ ಸಿನಾಯ್ ಮರುಭೂಮಿ. 1979ರಲ್ಲಿ ಈಜಿಪ್ಟ್–ಇಸ್ರೇಲ್ ಒಪ್ಪಂದ ಆಯಿತು. ವಿಶ್ವಸಂಸ್ಥೆಯ ಪಡೆ ಇರಬೇಕಿತ್ತು, ಸೋವಿಯತ್ ವೀಟೊ ಭಯದಿಂದ ಆಗಲಿಲ್ಲ. ಹಾಗಾಗಿ ಅಮೆರಿಕದ ಮುಂದಾಳತ್ವದಲ್ಲಿ ಎಂಎಫ್‌ಒ ಅಂತ ಪ್ರತ್ಯೇಕ ಪಡೆ ಕಟ್ಟಿದರು. ಫಿಜಿ, ಕೊಲಂಬಿಯಾದಂಥ ದೇಶಗಳ ಸೈನಿಕರು. 1982ರಲ್ಲಿ ಬಂದವರು ಇವತ್ತಿಗೂ ಅಲ್ಲೇ ಇದ್ದಾರೆ. ಯಾಕೆ ಉಳಿದರು? ಮೊದಲು ಒಪ್ಪಂದ ಆಗಿ ಪಡೆ ಆಮೇಲೆ ಬಂತು, ಮತ್ತು ಅದು ಇರುವುದು ಎರಡೂ ಸರ್ಕಾರಗಳಿಗೆ ಲಾಭ. ಗಾಜಾದಲ್ಲಿ ಈಗ ಮಾಡಹೊರಟಿರುವುದು ಇದರ ತಿರುಗುಮುರುಗು: ಪಡೆ ಮೊದಲು, ಒಪ್ಪಂದ ದೇವರ ಇಚ್ಛೆ.

ಆದರೆ ನಾನು ಹೇಳಬೇಕೆಂದಿದ್ದು ದುಡ್ಡಿನ ವಿಷಯ. ವೃತ್ತಿದೋಷ, ಕ್ಷಮಿಸಿ.

ಕ್ಯಾಥೊಲಿಕ್–ಪ್ರಾಟೆಸ್ಟೆಂಟ್ ಕಲಹದಲ್ಲಿದ್ದ ಉತ್ತರ ಐರ್ಲೆಂಡಿಗಾಗಿ 1986ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಸೇರಿ ಒಂದು ನಿಧಿ ಮಾಡಿದವು. ಅಮೆರಿಕ, ಯುರೋಪ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದುಡ್ಡು ಹಾಕಿದವು. ಕ್ಯಾಥೊಲಿಕ್ಕರು ಪ್ರಾಟೆಸ್ಟೆಂಟರು ಒಟ್ಟಿಗೆ ನಡೆಸುವ ಕಸುಬು, ಅಂಗಡಿ, ಯುವಕರ ತರಬೇತಿ ಇಂಥದ್ದಕ್ಕೆ. ಆಗ ಅಲ್ಲಿ ಬಾಂಬು ಸಿಡಿಯುವುದು ನಿಂತಿರಲಿಲ್ಲ. ಮಾರನೇ ವರ್ಷವೇ ಎನ್ನಿಸ್ಕಿಲೆನ್ ಸ್ಫೋಟ. ಅಲ್ಲಿನ ಶಾಂತಿ ಒಪ್ಪಂದ, ಗುಡ್ ಫ್ರೈಡೇ ಒಪ್ಪಂದ, ಆದದ್ದು 1998ರ ಏಪ್ರಿಲ್ 10. ಅಂದರೆ ಸಹಿಗೆ ಮುಂಚೆ ಹನ್ನೆರಡು ವರ್ಷ ನೆಲ ಹದ ಮಾಡಿದರು.

ಇಸ್ರೇಲಿ–ಪ್ಯಾಲೆಸ್ತೀನಿ ಜನರಿಗೂ ಇಂಥದ್ದೇ ನಿಧಿ ಬೇಕು ಅಂತ ಆಲ್‌ಮೆಪ್ ಅನ್ನುವ ಒಕ್ಕೂಟ ವರ್ಷಗಟ್ಟಲೆ ಕೇಳುತ್ತಿದೆ. ಎರಡೂ ಕಡೆಯ ನೂರಕ್ಕೂ ಹೆಚ್ಚು ಶಾಂತಿ ಸಂಘಟನೆಗಳು ಅದರಲ್ಲಿವೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಪಾಸು ಮಾಡಿ ಐದು ವರ್ಷಕ್ಕೆ 25 ಕೋಟಿ ಡಾಲರ್ ಇಟ್ಟಿತು. ಸಂತೋಷ. ಈಗ ಪಕ್ಕದ ಕಾಲಂ ನೋಡಿ: ಅದೇ ಅಮೆರಿಕ ಇಸ್ರೇಲಿಗೆ ಕೊಡುವ ಸೈನಿಕ ನೆರವು 2016ರ ಒಡಂಬಡಿಕೆ ಪ್ರಕಾರ ಹತ್ತು ವರ್ಷಕ್ಕೆ 3,800 ಕೋಟಿ ಡಾಲರ್. ವರ್ಷದ ಲೆಕ್ಕಕ್ಕೆ ಇಳಿಸಿದರೆ ಒಂದು ಕಡೆ 5 ಕೋಟಿ, ಇನ್ನೊಂದು ಕಡೆ 380 ಕೋಟಿ. ಎಪ್ಪತ್ತಾರು ಪಟ್ಟು. ಮೇಲಾಗಿ ಆ ಐದು ಕೋಟಿಯಲ್ಲಿ ಹೆಚ್ಚಿನದನ್ನು ಹಂಚುತ್ತಿದ್ದ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಅನ್ನೇ 2025ರಲ್ಲಿ ಮುಚ್ಚಿದರು.

ನನ್ನ ಪ್ರಕಾರ ಹೊರಗಿನ ಬೆಂಬಲ ಸೋತದ್ದಲ್ಲ. ಅದನ್ನು ಯಾರೂ ನೆಟ್ಟಗೆ ಮಾಡಿ ನೋಡಿಯೇ ಇಲ್ಲ.

ಪ್ರಶ್ನೆಗಾರ್ತಿ

ಲೆಕ್ಕಿಗರೇ, ನಿಮ್ಮ ಕೂಡಿ ಕಳೆಯುವಿಕೆ ಸರಿ. ಐರ್ಲೆಂಡಿನ ಹೋಲಿಕೆ ಮಾತ್ರ ಒಪ್ಪಲಾರೆ. ಬೆಲ್‌ಫಾಸ್ಟಿನ ಕ್ಯಾಥೊಲಿಕ್ ಹುಡುಗನಿಗೆ ತಾರತಮ್ಯ ಇತ್ತು, ನಿಜ. ಆದರೆ ಅವನ ಪಕ್ಕದ ಬೀದಿಯವನಿಗಿದ್ದ ಪೌರತ್ವವೇ ಅವನಿಗೂ ಇತ್ತು. ಅದೇ ಚುನಾವಣೆಯಲ್ಲಿ ಓಟು ಹಾಕುತ್ತಿದ್ದ. ವೆಸ್ಟ್ ಬ್ಯಾಂಕಿನ ನಾಬ್ಲುಸ್‌ನವನು ಯಾವ ರಸ್ತೆಯಲ್ಲಿ ಹೋಗಬಹುದು ಅಂತ ತೀರ್ಮಾನಿಸುವ ಸರ್ಕಾರಕ್ಕೆ ಅವನು ಓಟು ಹಾಕುವಂತಿಲ್ಲ.

'ಜನ ಜನ ಭೇಟಿಯಾಗಲಿ' ಅನ್ನುತ್ತೀರಲ್ಲ, ಎಲ್ಲಿ ಭೇಟಿಯಾಗುತ್ತಾರೆ? 1995ರ ಎರಡನೇ ಓಸ್ಲೋ ಒಪ್ಪಂದ ವೆಸ್ಟ್ ಬ್ಯಾಂಕನ್ನು ಎ, ಬಿ, ಸಿ ಅಂತ ಸೀಳಿತು. ಪ್ಯಾಲೆಸ್ತೀನಿ ಆಡಳಿತದ ಎ ವಲಯದ ಬಾಯಲ್ಲಿ ಕೆಂಪು ಬೋರ್ಡು: ಇಸ್ರೇಲಿಗಳು ಒಳಗೆ ಹೋಗುವುದು ಕಾನೂನುಬಾಹಿರ, ಜೀವಕ್ಕೆ ಅಪಾಯ. ಅತ್ತಲಿನವರು ಇತ್ತ ಬರಲು ಪರ್ಮಿಟ್ ಬೇಕು. ಹಾಗಾಗಿ ಎಷ್ಟೋ ಶಾಂತಿ ಸಭೆಗಳು ಬೆತ್ಲೆಹೆಮ್ ಪಕ್ಕದ ಬೇತ್ ಜಾಲಾದಲ್ಲಿ ನಡೆಯುತ್ತವೆ. ಅಲ್ಲಿ ಸಿ ವಲಯದ ಒಂದು ತುಣುಕು ಇದೆ, ಇಬ್ಬರೂ ಪರ್ಮಿಟ್ ಇಲ್ಲದೆ ಬರಬಹುದು. ಶಾಂತಿಗೂ ಇಂಥ ಸರ್ವೆ ನಂಬರ್ ಅಂತ ಇದೆ ನೋಡಿ.

ಸಿ ವಲಯ ಅಂದರೆ ವೆಸ್ಟ್ ಬ್ಯಾಂಕಿನ ಶೇ. 60ರಷ್ಟು, ಪೂರ್ತಿ ಇಸ್ರೇಲ್ ಹಿಡಿತ. 1993ರಲ್ಲಿ ವೆಸ್ಟ್ ಬ್ಯಾಂಕಿನ ವಸಾಹತುದಾರರು ಲಕ್ಷದ ಆಸುಪಾಸು. ಈಗ, ಪೂರ್ವ ಜೆರುಸಲೇಂ ಬಿಟ್ಟೇ, ಸುಮಾರು ಐದು ಲಕ್ಷ. ಅಂದರೆ ಜಗತ್ತು 'ಶಾಂತಿ ಪ್ರಕ್ರಿಯೆ'ಗೆ ದುಡ್ಡು ಸುರಿದ ಮೂವತ್ತು ವರ್ಷಗಳಲ್ಲೇ ಇದು ಆಗಿದ್ದು. ಇದನ್ನು ಬದಿಗಿಟ್ಟು ಬರೀ ಒಟ್ಟಿಗೆ ಕೂತು ಚಹಾ ಕುಡಿಯುವುದಕ್ಕೆ ಪ್ಯಾಲೆಸ್ತೀನಿಯರು 'ತತ್ಬೀ' ಅನ್ನುತ್ತಾರೆ. ಅಸಹಜವಾದದ್ದನ್ನು ಸಹಜ ಅಂತ ತೋರಿಸುವುದು. ಅದು ಬೈಗುಳ.

ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರಂದು ಈ ಆಕ್ರಮಿತ ಸ್ಥಿತಿಯೇ ಕಾನೂನುಬಾಹಿರ ಅಂತ ಅಭಿಪ್ರಾಯ ಕೊಟ್ಟಿದೆ. ಬೆಂಬಲ ಅಂದರೆ ಅದರ ಬೆನ್ನಿಗೆ ನಿಲ್ಲುವುದು, ಯುವಜನ ಶಿಬಿರ ಮಾಡುವುದಲ್ಲ.

ನೇರನುಡಿ

ಒಂದೇ ಕಡೆ ನೋಡಿದರೆ ಹೀಗೇ ಕಾಣುತ್ತೆ. 2005ರಲ್ಲಿ ಇಸ್ರೇಲ್ ಗಾಜಾದ 21 ವಸಾಹತುಗಳನ್ನು ತಾನೇ ಕೆಡವಿ, ಎಂಟು ಸಾವಿರಕ್ಕೂ ಹೆಚ್ಚು ತನ್ನದೇ ಜನರನ್ನು ಎಳೆದು ಹೊರಗೆ ತಂದಿತು. ಗಾಜಾ–ಈಜಿಪ್ಟ್ ನಡುವಿನ ರಫಾ ಗಡಿಗೆ ಯುರೋಪಿನ ವೀಕ್ಷಕರನ್ನು ಕೂರಿಸಿದರು. 2007ರ ಜೂನ್‌ನಲ್ಲಿ ಹಮಾಸ್ ಗಾಜಾ ಹಿಡಿದಾಗ ಆ ವೀಕ್ಷಕರು ಏನು ಮಾಡಿದರು? ಕೆಲಸ ನಿಲ್ಲಿಸಿದರು. 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದು 251 ಜನರನ್ನು ಹೊತ್ತೊಯ್ದರಲ್ಲ, ಆವತ್ತು ಯಾವ ಅಂತರರಾಷ್ಟ್ರೀಯ ಗ್ಯಾರಂಟಿ ಅಡ್ಡ ಬಂತು? ಇಸ್ರೇಲಿನವರು ಹೊರಗಿನವರನ್ನು ನಂಬುವುದಿಲ್ಲ ಅಂದರೆ ಅದಕ್ಕೆ ಕಾರಣ ಇದೆ.

ಪ್ರಶ್ನೆಗಾರ್ತಿ

ರಫಾ ವೀಕ್ಷಕರ ಕಥೆ ಅರ್ಧ ಹೇಳಿದಿರಿ. ಅವರು ಉಳಿದುಕೊಳ್ಳುತ್ತಿದ್ದುದು ಇಸ್ರೇಲಿನ ಅಶ್ಕೆಲೋನ್‌ನಲ್ಲಿ. ಕೆಲಸಕ್ಕೆ ಹೋಗಬೇಕಾದರೆ ಇಸ್ರೇಲ್–ಗಾಜಾ ಗಡಿಯ ಕೆರೆಮ್ ಶಾಲೋಮ್ ಗೇಟು ದಾಟಬೇಕು. ಇಸ್ರೇಲ್ ಅದನ್ನು ಮುಚ್ಚಿದರೆ ವೀಕ್ಷಕರಿಲ್ಲ, ವೀಕ್ಷಕರಿಲ್ಲದಿದ್ದರೆ ರಫಾ ತೆರೆಯುವಂತಿಲ್ಲ. 2006ರ ಜೂನ್‌ನಲ್ಲಿ ಇಸ್ರೇಲಿ ಸೈನಿಕ ಗಿಲಾದ್ ಶಾಲಿತ್ ಸೆರೆಯಾದ ಮೇಲೆ ಹೆಚ್ಚಿನ ದಿನ ಹೀಗೇ ಮುಚ್ಚಿತ್ತು, ಹಮಾಸ್ ಗಾಜಾ ಹಿಡಿಯುವುದಕ್ಕೆ ಒಂದು ವರ್ಷ ಮುಂಚೆಯೇ. ಅಕ್ಟೋಬರ್ 7ರ ಕ್ರೌರ್ಯವನ್ನು ನಾನು ಅಲ್ಲಗಳೆದಿಲ್ಲ. ಆಮೇಲೆ ಗಾಜಾದಲ್ಲಿ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ, ಸತ್ತವರು ಅರವತ್ತು ಸಾವಿರ ದಾಟಿದ್ದಾರೆ. ಅದನ್ನೂ ಅಲ್ಲಗಳೆಯಬೇಡಿ.

ನೇರನುಡಿ

ಅಲ್ಲಗಳೆದಿಲ್ಲ. ಕೆರೆಮ್ ಶಾಲೋಮ್ ವಿಷಯ ಗೊತ್ತಿರಲಿಲ್ಲ, ಓದುತ್ತೇನೆ. ಆದರೆ 'ಗ್ಯಾರಂಟಿ ಎಲ್ಲಿತ್ತು' ಅನ್ನುವ ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಒಗ್ಗರಣೆ

ಇಂಟರ್ನೆಟ್ಟಿನಲ್ಲಿ ಒಬ್ಬರು 'ಗೊತ್ತಿರಲಿಲ್ಲ' ಅಂದದ್ದು ಇವತ್ತೇ ನೋಡಿದ್ದು. ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡಿದೀನಿ.

ಅದಿರ್ಲಿ, ನಮ್ಮ ದೇಶದ ಕಥೆ ಏನು? 1947ರಲ್ಲಿ ಪ್ಯಾಲೆಸ್ತೀನ್ ವಿಭಜನೆ ಬೇಡ ಅಂತ ಓಟು ಹಾಕಿದ್ವಿ ಅಂತ ಕೇಳಿದೀನಿ.

ಹಳೇಪೇಟೆ

ಹೌದು, ನವೆಂಬರ್ 29ರಂದು. 33 ಪರ, 13 ವಿರುದ್ಧ, 10 ತಟಸ್ಥ. ವಿರುದ್ಧ ಹಾಕಿದ ಹದಿಮೂರರಲ್ಲಿ ನಾವೂ ಒಬ್ಬರು. ಅದಕ್ಕೂ ಮೊದಲು ವಿಶ್ವಸಂಸ್ಥೆಯ ವಿಶೇಷ ಸಮಿತಿಯಲ್ಲಿ ಭಾರತ, ಇರಾನ್, ಯುಗೊಸ್ಲಾವಿಯಾ ಸೇರಿ, ಎರಡು ದೇಶ ಬೇಡ, ಒಂದೇ ಒಕ್ಕೂಟ ಇರಲಿ ಅಂದಿದ್ದವು. ಓಟಿನ ಹೊತ್ತಿಗೆ ನಮ್ಮದೇ ಮನೆ ಇಬ್ಭಾಗವಾಗಿ ಮೂರು ತಿಂಗಳಾಗಿತ್ತಲ್ಲ. 1950ರಲ್ಲಿ ಇಸ್ರೇಲಿಗೆ ಮಾನ್ಯತೆ, 1988ರಲ್ಲಿ ಪ್ಯಾಲೆಸ್ತೀನಿಗೆ, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ. ಈಚೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು: 2024ರ ಸೆಪ್ಟೆಂಬರ್‌ನಲ್ಲಿ ಆಕ್ರಮಣ ಮುಗಿಸಿ ಅನ್ನುವ ನಿರ್ಣಯಕ್ಕೆ ತಟಸ್ಥ, 2025ರ ಸೆಪ್ಟೆಂಬರ್ 12ರಂದು ಎರಡು ರಾಷ್ಟ್ರಗಳ ನ್ಯೂಯಾರ್ಕ್ ಘೋಷಣೆಗೆ ಪರ. ಆವತ್ತು 142 ದೇಶ ಪರ ಇದ್ದವು, ಅವುಗಳ ನಡುವೆ ಕೈ ಎತ್ತುವುದು ಸುಲಭ.

ಕಡಲತಡಿ

ನಮಸ್ಕಾರ. ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದು ಜಾಸ್ತಿ. ಉಡುಪಿ ಕಡೆಯವಳು. ಎಂಟು ವರ್ಷದಿಂದ ಇಸ್ರೇಲಿನಲ್ಲಿ ಕೇರ್‌ಗಿವರ್ ಕೆಲಸ. ನೀವೆಲ್ಲ ಅಶ್ಕೆಲೋನ್ ಅಂತ ಬರೆದಿರಲ್ಲ ಮಾರಾಯ್ರೆ, ನಾನು ಇರುವುದು ಅದೇ ಊರಲ್ಲಿ. ಹಾಗಾಗಿ ಸುಮ್ಮನಿರಲಿಕ್ಕೆ ಆಗಲಿಲ್ಲ.

ನಾನು ನೋಡಿಕೊಳ್ಳುವ ಅಜ್ಜಿಗೆ ಎಂಬತ್ತೊಂಬತ್ತು. ಸೈರನ್ ಆದರೆ ಈ ಊರಲ್ಲಿ ಮೂವತ್ತು ಸೆಕೆಂಡು. ಅಜ್ಜಿಗೆ ವಾಕರ್. ಹಳೆಯ ಮನೆ, ಒಳಗೆ 'ಮಮಾದ್' ಇಲ್ಲ. ಮಮಾದ್ ಅಂದರೆ ಗಟ್ಟಿ ಗೋಡೆಯ ಕೋಣೆ. ನಾವಿಬ್ಬರೂ ಮೆಟ್ಟಿಲ ಕೆಳಗೆ ಕೂತುಕೊಳ್ಳುವುದು. 2021ರ ಮೇ ತಿಂಗಳಲ್ಲಿ ಇದೇ ಊರಲ್ಲಿ ಕೇರಳದ ಒಬ್ಬಳು, ನಮ್ಮ ಹಾಗೆಯೇ ಅಜ್ಜಿ ನೋಡಿಕೊಳ್ಳುತ್ತಿದ್ದವಳು, ರಾಕೆಟ್ ಬಿದ್ದು ತೀರಿಕೊಂಡಳು. ಮನೆಗೆ ಫೋನಿನಲ್ಲಿ ಮಾತಾಡುತ್ತಿದ್ದಳಂತೆ. ನಮ್ಮ ಅಮ್ಮ ಆಮೇಲೆ ಒಂದು ತಿಂಗಳು ಫೋನ್ ಮಾಡಲಿಕ್ಕೇ ಹೆದರುತ್ತಿದ್ದರು.

ಹೇಳಬೇಕೆಂದಿದ್ದು ಅದಲ್ಲ. ಅಜ್ಜಿಯ ಮಗಳ ವಿಷಯ. ಅವರಿಗೆ ಅರವತ್ತು ದಾಟಿದೆ, ರಿಟೈರ್ಡ್ ಟೀಚರ್. 'ರೋಡ್ ಟು ರಿಕವರಿ' ಅಂತ ಒಂದು ಸಂಘ ಉಂಟು. ಯುವಾಲ್ ರೋತ್ ಅಂತ ಒಬ್ಬರು ಶುರು ಮಾಡಿದ್ದು. ಅವರ ತಮ್ಮನನ್ನು 1993ರಲ್ಲಿ ಹಮಾಸಿನವರು ಕೊಂದಿದ್ದರು. ಪ್ಯಾಲೆಸ್ತೀನಿ ರೋಗಿಗಳನ್ನು, ಹೆಚ್ಚಾಗಿ ಮಕ್ಕಳನ್ನು, ಚೆಕ್‌ಪೋಸ್ಟಿನಿಂದ ಇಸ್ರೇಲಿ ಆಸ್ಪತ್ರೆಗೆ ತಮ್ಮ ಕಾರಿನಲ್ಲಿ ಕರಕೊಂಡು ಹೋಗುವುದು, ಸಂಜೆ ವಾಪಸ್ ಬಿಡುವುದು. ಅಷ್ಟೇ ಕೆಲಸ. ಮೊದಲು ಇವರು ಗಾಜಾ ಗಡಿಯ ಎರೆಜ್ ಗೇಟಿಗೆ ಹೋಗುತ್ತಿದ್ದರು, ಇಲ್ಲಿಂದ ಹತ್ತಿರ. ಒಂದು ಸಲ ನಾನೂ ಕಾರಲ್ಲಿದ್ದೆ. ಐದು ವರ್ಷದ ಹುಡುಗ, ಕಿಡ್ನಿ ತೊಂದರೆ. ಅಪ್ಪ ಅಮ್ಮನಿಗೆ ಪರ್ಮಿಟ್ ಸಿಕ್ಕಿರಲಿಲ್ಲ, ವಯಸ್ಸು ಕಡಿಮೆ ಅಂತ. ಅವನ ಅಜ್ಜಿ ಬಂದಿದ್ದಳು. ಹಿಂದಿನ ಸೀಟಿನಲ್ಲಿ ಕೂತು, ಸೆರಗಿನ ಹಾಗೆ ಉದ್ದ ಬಟ್ಟೆ ಉಂಟಲ್ಲ, ಅದರಲ್ಲಿ ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚಿ ಮೊದಲು ಡ್ರೈವರಿಗೆ ಕೊಟ್ಟಳು. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ದಾರಿಯುದ್ದಕ್ಕೂ ಇಬ್ಬರೂ ನನ್ನ ಹತ್ತಿರ ಇಂಡಿಯಾದ ಸಿನಿಮಾ ಬಗ್ಗೆ ಕೇಳಿದರು, ಕೈಸನ್ನೆಯಲ್ಲಿ!

ಅಕ್ಟೋಬರ್ 7ರಂದು ಈ ಸಂಘದ ಡ್ರೈವರುಗಳನ್ನೂ ಕೊಂದರು, ಒತ್ತೆ ಹಿಡಿದರು. ಗಾಜಾ ಗಡಿ ಹತ್ತಿರದ ನಿರ್ ಓಜ್‌ನ ಓದೆದ್ ಲಿಫ್‌ಶಿಟ್ಜ್ ಅಂತ ಎಂಬತ್ತಮೂರು ವರ್ಷದವರು, ಅವರೂ ಗಾಜಾದ ರೋಗಿಗಳನ್ನು ಕರಕೊಂಡು ಹೋಗುತ್ತಿದ್ದವರೇ. ಅವರ ಶವ ವಾಪಸ್ ಬಂದದ್ದು 2025ರ ಫೆಬ್ರವರಿಯಲ್ಲಿ. ಅಕ್ಟೋಬರ್ ದಾಳಿ ಆದ ಟೈಮಲ್ಲಿ ನಮ್ಮ ಅಜ್ಜಿಯ ಮಗಳು ಎರಡು ತಿಂಗಳು ಕಾರು ಮುಟ್ಟಲಿಲ್ಲ. ನೆಂಟರೆಲ್ಲ ಬೈದರು: ನೋಡು, ನಿನ್ನ ಶಾಂತಿಯಿಂದ ಏನಾಯಿತು ಅಂತ. ಆಮೇಲೆ ಪುನಃ ಶುರು ಮಾಡಿದರು. ಈಗ ಗಾಜಾದಿಂದ ಇಲ್ಲ, ವೆಸ್ಟ್ ಬ್ಯಾಂಕಿನ ತರ್ಕೂಮಿಯಾ ಚೆಕ್‌ಪೋಸ್ಟಿನಿಂದ.

ಪ್ರಶ್ನೆಗಾರ್ತಿಯವರು ಹೇಳಿದ್ದು ಸುಳ್ಳಲ್ಲ. ಚೆಕ್‌ಪೋಸ್ಟೇ ಇಲ್ಲದಿದ್ದರೆ ಈ ಸಂಘವೇ ಬೇಡ. ಅದನ್ನು ಅವರೇ ಹೇಳುತ್ತಾರೆ. ಆದರೆ ಆ ಹುಡುಗನಿಗೆ ಡಯಾಲಿಸಿಸ್ ಇದ್ದದ್ದು ವಾರಕ್ಕೆ ಮೂರು ಸಲ, ಚೆಕ್‌ಪೋಸ್ಟ್ ತೆಗೆಯುವ ತನಕ ಕಾಯಲಿಕ್ಕೆ ಆಗುತ್ತದಾ?

ಬೆಳಗಾವ್ಯಾಂವ

ಅಕ್ಕಾರ, ಓದಿ ಸುಮ್ನ ಕುಂತೇನಿ. ಸುರಕ್ಷಿತ ಇರ್ರಿ.

ಪ್ರಶ್ನೆಗಾರ್ತಿ

ಅಕ್ಕ, ನಾನು 'ಚಹಾ ಕುಡಿಯುವುದು' ಅಂತ ಬರೆದದ್ದು ಇಂಥವರನ್ನು ಉದ್ದೇಶಿಸಿ ಅಲ್ಲ. ಆದರೂ ಆ ಸಾಲು ಈಗ ಓದಿದರೆ ಸಸಾರವಾಗಿ ಕಾಣುತ್ತದೆ, ಒಪ್ಪಿಕೊಳ್ಳುತ್ತೇನೆ. ವಾದ ಬಿಟ್ಟಿಲ್ಲ: ಈ ಟೀಚರಮ್ಮನ ಕಾರಿಗೆ ಕೊಡುವ ದೇಣಿಗೆಯನ್ನು ತೋರಿಸಿ, ಚೆಕ್‌ಪೋಸ್ಟಿನ ಮಾತೇ ಎತ್ತದ ಸರ್ಕಾರಗಳು ಬೇಕಾದಷ್ಟಿವೆ. ನನ್ನ ಸಿಟ್ಟು ಅವರ ಮೇಲೆ.

ಲೆಕ್ಕಿಗ

ಅಲ್ಲಿಗೆ ನಾವಿಬ್ಬರೂ ಒಂದೇ ಕಡೆ ಬಂದೆವು ಅನ್ನಿ. ಐರ್ಲೆಂಡಿನಲ್ಲೂ ನಿಧಿ ಒಂದೇ ಏನೂ ಮಾಡಲಿಲ್ಲ. ಪಕ್ಕದಲ್ಲಿ ಎರಡು ಸರ್ಕಾರಗಳು ಕೂತು ಮಾತಾಡುತ್ತಿದ್ದವು, ಅಮೆರಿಕ ಮಾಜಿ ಸೆನೆಟರ್ ಮಿಚೆಲ್ ಅವರನ್ನು ಕಳಿಸಿ ಎರಡು ವರ್ಷ ಅಲ್ಲೇ ಕೂರಿಸಿತ್ತು. ನಿಧಿ ಇದ್ದು ರಾಜಕೀಯ ಇಲ್ಲದಿದ್ದರೆ ನಿಮ್ಮ 'ತತ್ಬೀ'. ರಾಜಕೀಯ ಇದ್ದು ಜನ ಇಲ್ಲದಿದ್ದರೆ ಓಸ್ಲೋ. ಶ್ವೇತಭವನದ ಹುಲ್ಲುಹಾಸಿನ ಮೇಲೆ ಕೈಕುಲುಕಿ ಎರಡು ವರ್ಷ ಎರಡು ತಿಂಗಳು ತುಂಬುವ ಮುಂಚೆ ಇಸ್ರೇಲ್ ಪ್ರಧಾನಿ ರಬಿನ್ ಅವರನ್ನು ಕೊಂದವನು ಅವರದೇ ದೇಶದ ಹುಡುಗ.

ಕಡಲತಡಿ ಅಕ್ಕ, ಕುತೂಹಲಕ್ಕೆ ಕೇಳುತ್ತಿದ್ದೇನೆ: ಪೆಟ್ರೋಲ್ ದುಡ್ಡು ಯಾರು ಕೊಡುತ್ತಾರೆ?

ಕಡಲತಡಿ

ನೀವು ಲೆಕ್ಕಿಗರೇ ಹೌದು 😀 ಕೇಳಿದವರಿಗೆ ಸಂಘ ಕೊಡುತ್ತದೆ. ಇವರು ತೆಗೆದುಕೊಳ್ಳುವುದಿಲ್ಲ. ಸಂಘಕ್ಕೆ ಮೊದಲು ದೊಡ್ಡ ದೇಣಿಗೆ ಕೊಟ್ಟದ್ದು ಕೆನಡಾದ ಗಾಯಕ ಲಿಯೊನಾರ್ಡ್ ಕೋಹೆನ್ ಅಂತ ಹೇಳುತ್ತಾರೆ. ಅದು ಬಂದ ಮೇಲೆಯೇ ಸಂಘ ಅಂತ ರಿಜಿಸ್ಟರ್ ಮಾಡಿಸಿದ್ದಂತೆ, ಚೆಕ್ಕು ಹಾಕಲಿಕ್ಕೆ ಒಂದು ಹೆಸರು ಬೇಕಿತ್ತಲ್ಲ.

ಇವತ್ತು ಬೆಳಿಗ್ಗೆ ಐದೂವರೆಗೆ ತರ್ಕೂಮಿಯಾಕ್ಕೆ ಹೋಗಿ ಎರಡು ಗಂಟೆ ಕಾದು ಖಾಲಿ ಕಾರಲ್ಲಿ ಬಂದರು. ಆಚೆ ಕಡೆ ರಸ್ತೆ ಮುಚ್ಚಿತ್ತಂತೆ, ಮಗು ಗೇಟಿನ ತನಕ ಬರಲಿಕ್ಕೇ ಆಗಲಿಲ್ಲ. ಗುರುವಾರಕ್ಕೆ ಬೇರೆ ಅಪಾಯಿಂಟ್‌ಮೆಂಟ್ ಸಿಗುತ್ತದಾ ಅಂತ ಈಗ ಆಸ್ಪತ್ರೆಗೆ ಫೋನ್ ಮಾಡುತ್ತಾ ಇದ್ದಾರೆ, ಪಕ್ಕದ ಕೋಣೆಯಿಂದ ಕೇಳುತ್ತಾ ಉಂಟು.

ಅಜ್ಜಿ ಎದ್ದರು. ಮಾತ್ರೆ ಕೊಡಬೇಕು. ಉಳಿದದ್ದು ರಾತ್ರಿ ಬರೆಯುತ್ತೇನೆ.